‘ಮಾಮನ ತೊಡೆಯ ಮೇಲೆ ಕೂತ್ಕೋ’ ಎನ್ನುವವರ ನಡುವೆ ಮಗುವಿಗೆ ಸುರಕ್ಷತೆಯನ್ನು ಕಲಿಸುವುದು ಹೇಗೆ?

ದಾವಣಗೆರೆ_ತಾಯಿ
ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಎರಡನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಶಾಲೆಯಲ್ಲಿ ಚಿತ್ರಪಟ ತೋರಿಸಿ ‘ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ’ದ ಪಾಠ ಮಾಡಿದ್ದಾರೆ. ಕಳೆದ ವಾರ ಮದುವೆಮನೆಯಲ್ಲಿ ದೂರದ ಸಂಬಂಧಿಕರೊಬ್ಬರು ತೊಡೆಯ ಮೇಲೆ ಕೂರಲು ಕರೆದಾಗ ಇವಳು ‘ನನಗೆ ಬೇಡ’ ಎಂದು ಹಿಂದೆ ಸರಿದಳು. ಆ ಮನುಷ್ಯರು ನಕ್ಕು ಸುಮ್ಮನಾದರು, ಸುಮ್ಮನಾಗದವರು ನಮ್ಮ ಅತ್ತೆಯವರು. ಹಿರಿಯರಿಗೆ ಎದುರಾಡುವುದನ್ನು ನಾನೇ ಕಲಿಸಿದ್ದೇನೆಂದು ಊಟದ ಪಂಕ್ತಿಯಲ್ಲೇ ಹೇಳಿದರು. ಅದನ್ನಾದರೂ ಸಹಿಸಿಕೊಳ್ಳಬಹುದು. ನನ್ನ ನಿಜವಾದ ಚಿಂತೆ ಬೇರೆ. ಆ ಪಾಠವಾದ ಮೇಲೆ ಮಗಳು ಪ್ರತಿಯೊಬ್ಬರ ಬಗ್ಗೆಯೂ ‘ಇವರು ಒಳ್ಳೆಯವರಾ, ಕೆಟ್ಟವರಾ?’ ಎಂದು ಕೇಳುತ್ತಾಳೆ. ಆಟೊ ಮಾಮನ ಬಗ್ಗೆ ಕೇಳಿದಳು, ಸಂಗೀತದ ಮೇಷ್ಟ್ರ ಬಗ್ಗೆ ಕೇಳಿದಳು, ನಿನ್ನೆ ಅವಳ ಅಪ್ಪನ ಬಗ್ಗೆಯೇ ಕೇಳಿದಳು. ಮಗುವನ್ನು ಹೆದರಿಸದೆ, ಆದರೆ ಎಚ್ಚರವಾಗಿರುವಂತೆ ಬೆಳೆಸುವುದು ಹೇಗೆ? ಅನುಭವ ಇರುವವರು ದಯವಿಟ್ಟು ಹೇಳಿ.

ನಿವೃತ್ತ_ಗುಮಾಸ್ತ
ತಾಯಿ, ಬೇಸರಪಡಬೇಡಿ, ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಅಜ್ಜ, ಮಾವ, ಚಿಕ್ಕಪ್ಪಂದಿರ ಹೆಗಲ ಮೇಲೆ ಕೂತು ತೇರು ನೋಡಿ ಬೆಳೆದವರು ನಾವು. ಈಗ ಮೊಮ್ಮಕ್ಕಳನ್ನು ಎತ್ತಿಕೊಳ್ಳುವುದಕ್ಕೂ ಅರ್ಜಿ ಹಾಕಿಕೊಳ್ಳಬೇಕೆಂದರೆ ಅದೇನು ಸಂಸಾರ? ಎಲ್ಲೋ ಒಬ್ಬ ನೀಚನಿಗಾಗಿ ಊರಿನ ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಅನುಮಾನಿಸುವುದು ನನಗೆ ಒಪ್ಪಿಗೆಯಿಲ್ಲ.

ತುಂಗೆಯ_ದಡ
ಹಿರಿಯರೇ, ಮಗು ಯಾರನ್ನೂ ಅನುಮಾನಿಸಿಲ್ಲ. ‘ಬೇಡ’ ಎಂದಿದೆ, ಅಷ್ಟೇ.

ಕಪ್ಪುಕೋಟು_ಧಾರವಾಡ
‘ಎಲ್ಲೋ ಒಬ್ಬ’ ಎಂಬುದನ್ನು ಇಲ್ಲಿಯೇ ತಿದ್ದಿಬಿಡುವುದು ಒಳ್ಳೆಯದು. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಲಾಗಿತ್ತು. ಅವರಲ್ಲಿ ಶೇಕಡಾ 53ರಷ್ಟು ಮಕ್ಕಳು ಯಾವುದಾದರೊಂದು ಬಗೆಯ ಲೈಂಗಿಕ ಕಿರುಕುಳವನ್ನು ಅನುಭವಿಸಿದ್ದಾಗಿ ಹೇಳಿದರು, ಹೆಚ್ಚಿನವರು ಅದನ್ನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಇನ್ನು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ದಾಖಲಾಗುವ ಅತ್ಯಾಚಾರ ಪ್ರಕರಣಗಳನ್ನು ನೋಡಿದರೆ, ರಾಷ್ಟ್ರೀಯ ಅಪರಾಧ ದಾಖಲೆಗಳ ಪ್ರಕಾರ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿಯು ಮಗುವಿಗೆ ಪರಿಚಿತನೇ ಆಗಿರುತ್ತಾನೆ. ಬಂಧು, ನೆರೆಯವ, ಪಾಠ ಹೇಳುವವ, ಮನೆಗೆ ಬಂದು ಹೋಗುವವ, ಹೀಗೆ. ಆದ್ದರಿಂದ ‘ಅಪರಿಚಿತರಿಂದ ಚಾಕೊಲೇಟ್ ತೆಗೆದುಕೊಳ್ಳಬೇಡ’ ಎನ್ನುವುದೊಂದನ್ನೇ ಕಲಿಸಿ ಪಾಠ ಮುಗಿಯಿತೆಂದುಕೊಂಡರೆ, ಕಳ್ಳ ಹಿತ್ತಿಲ ಬಾಗಿಲಿನಿಂದ ಬರುವ ಮನೆಯಲ್ಲಿ ಮುಂಬಾಗಿಲಿಗೆ ಎರಡೆರಡು ಬೀಗ ಹಾಕಿದಂತಾಗುತ್ತದೆ.

ಬೀದರಿನ_ಬಿಸಿಲು
ಆ ಚಾಕೊಲೇಟಿನ ಪಾಠ ಅತಿಯಾದರೆ ಏನಾಗುತ್ತದೆ ಎಂಬುದನ್ನು ನಮ್ಮ ಜಿಲ್ಲೆ ಕಂಡಿದೆ. 2018ರ ಜುಲೈ ತಿಂಗಳಲ್ಲಿ ಹೈದರಾಬಾದಿನಿಂದ ಬಂದಿದ್ದ ಸ್ನೇಹಿತರ ಗುಂಪೊಂದು ದಾರಿಯಲ್ಲಿ ಶಾಲಾಮಕ್ಕಳಿಗೆ ಚಾಕೊಲೇಟ್ ಹಂಚಿತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ವಾಟ್ಸಾಪಿನಲ್ಲಿ ಹಳ್ಳಿಯಿಂದ ಹಳ್ಳಿಗೆ ಹರಡಿತು, ಮುರ್ಕಿ ಗ್ರಾಮದ ಬಳಿ ಅವರ ಕಾರನ್ನು ತಡೆದು ಜನ ಹೊಡೆದರು, ಒಬ್ಬ ಯುವಕ ಸತ್ತೇಹೋದ. ಬಿಡಿಸಲು ಹೋದ ಪೊಲೀಸರಿಗೂ ಏಟು ಬಿದ್ದವು. ಅದಕ್ಕೆ ಕೆಲವೇ ವಾರಗಳ ಹಿಂದೆ, ಮೇ ತಿಂಗಳಲ್ಲಿ, ಬೆಂಗಳೂರಿನ ಚಾಮರಾಜಪೇಟೆಯಲ್ಲೂ ಇಂಥದೇ ವದಂತಿಗೆ ರಾಜಸ್ಥಾನದ ಒಬ್ಬ ಕೂಲಿಯವ ಬಲಿಯಾಗಿದ್ದ. ಮಕ್ಕಳ ಸುರಕ್ಷತೆಯ ಹೆಸರಿನಲ್ಲಿ ದೊಡ್ಡವರು ಕಲಿತದ್ದು ಇಷ್ಟು. ಅದೇ ಹಳ್ಳಿಗಳಲ್ಲಿ ಮನೆಯೊಳಗೇ ನಡೆಯುವುದರ ಬಗ್ಗೆ ಒಬ್ಬನೂ ಸಂದೇಶ ಕಳಿಸಿದ್ದನ್ನು ನಾನು ಕಂಡಿಲ್ಲ.

ಬಸವನಗುಡಿ_ಅಪ್ಪ
ಒಪ್ಪಿದೆ, ಆದರೆ ಅಪರಿಚಿತರ ಭಯ ಪೂರ್ತಿ ಸುಳ್ಳೂ ಅಲ್ಲ. ನಮ್ಮ ಮನೆಯಲ್ಲಿ ಒಂದು ಗುಟ್ಟಿನ ಪದವಿದೆ. ಶಾಲೆಯಿಂದ ಕರೆದುಕೊಂಡು ಹೋಗಲು ನಾವಿಬ್ಬರಲ್ಲದೆ ಬೇರೆ ಯಾರೇ ಬಂದರೂ, ‘ನಿಮ್ಮಪ್ಪನಿಗೆ ಅಪಘಾತವಾಗಿದೆ, ಬೇಗ ಬಾ’ ಎಂದರೂ, ಆ ಪದ ಹೇಳದಿದ್ದರೆ ಮಗ ಗೇಟು ದಾಟುವುದಿಲ್ಲ. ಅವನಿಗೆ ಇದು ಪತ್ತೇದಾರಿ ಆಟ, ಹೆದರಿಕೆಯೇ ಇಲ್ಲ. ಒಮ್ಮೆ ನನ್ನ ತಮ್ಮನೇ ಪದ ಮರೆತು ಹೋದಾಗ ಅವನನ್ನು ಗೇಟಿನ ಹೊರಗೆ ನಿಲ್ಲಿಸಿ, ಕಚೇರಿಯಿಂದ ನನಗೆ ಫೋನ್ ಮಾಡಿಸಿದ. ತಮ್ಮನಿಗೆ ಸಿಟ್ಟು ಬಂದಿತ್ತು. ನನಗಂತೂ ಬಹಳ ಖುಷಿಯಾಯಿತು.

ಶಾಲೆಯಂಗಳ
ನಾನು ಕೊಪ್ಪಳ ಜಿಲ್ಲೆಯ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮೂಲ ಪ್ರಶ್ನೆಗೆ ಮರಳುತ್ತೇನೆ, ಏಕೆಂದರೆ ದಾವಣಗೆರೆಯ ಅಕ್ಕ ಹೇಳಿದ ಸಮಸ್ಯೆ ಆ ಪಾಠದಲ್ಲಿಯೇ ಇದೆ. ‘ಒಳ್ಳೆಯ’, ‘ಕೆಟ್ಟ’ ಎಂದು ಹೇಳಿಕೊಟ್ಟಾಗ ಮಗು ಅದನ್ನು ಮನುಷ್ಯರಿಗೆ ಅಂಟಿಸುತ್ತದೆ. ಸೂಜಿ ಚುಚ್ಚುವ ನರ್ಸ್ ಕೆಟ್ಟವಳಾಗುತ್ತಾಳೆ, ಮುದ್ದಾಗಿ ಮಾತಾಡಿ ಮೊಬೈಲ್ ಕೊಟ್ಟು ಕೋಣೆಗೆ ಕರೆಯುವವ ಒಳ್ಳೆಯವನಾಗುತ್ತಾನೆ. ಎಲ್ಲ ತಪ್ಪು ಸ್ಪರ್ಶವೂ ಮಗುವಿಗೆ ನೋವು ಕೊಡುವುದಿಲ್ಲ ಎಂಬ ಕಹಿ ಸಂಗತಿಯೂ ಇದೆ. ‘ಕೆಟ್ಟದೆನಿಸಲಿಲ್ಲವಲ್ಲ, ಹಾಗಾದರೆ ತಪ್ಪು ನನ್ನದೇ’ ಎಂದು ಅದು ಒಳಗೊಳಗೇ ಕೊರಗುತ್ತದೆ.

ಅದಕ್ಕಾಗಿ ನಾನು ಭಾವನೆಯನ್ನು ಬಿಟ್ಟು ನಿಯಮವನ್ನು ಹೇಳುತ್ತೇನೆ. ರಸ್ತೆ ದಾಟುವ ನಿಯಮ ಹೇಳುವ ದನಿಯಲ್ಲೇ ಹೇಳುತ್ತೇನೆ, ಗುಸುಗುಸು ಮಾಡುವುದಿಲ್ಲ. ಒಳಉಡುಪು ಮುಚ್ಚುವ ಜಾಗಗಳನ್ನು ಯಾರೂ ನೋಡಬಾರದು, ಮುಟ್ಟಬಾರದು, ಅವರದನ್ನು ನಿನ್ನಿಂದ ಮುಟ್ಟಿಸಿಕೊಳ್ಳಲೂಬಾರದು, ಅಂಥ ಚಿತ್ರ ತೋರಿಸಬಾರದು. ಸ್ನಾನ ಮಾಡಿಸುವಾಗ ಅಮ್ಮ, ಪರೀಕ್ಷೆ ಮಾಡುವಾಗ ಮನೆಯವರ ಎದುರಿನಲ್ಲಿ ವೈದ್ಯರು ಮುಟ್ಟಬಹುದು. ಯಾರಾದರೂ ನಿಯಮ ಮುರಿದರೆ, ಮುರಿದವರು ಯಾರೇ ಆಗಿರಲಿ, ಬಂದು ಹೇಳಬೇಕು, ತಪ್ಪು ಮುರಿದವರದೇ ಹೊರತು ನಿನ್ನದಲ್ಲ. ಇದರಲ್ಲಿ ಆಟೊ ಮಾಮ ಒಳ್ಳೆಯವನೋ ಕೆಟ್ಟವನೋ ಎಂದು ಮಗು ತೀರ್ಪು ಕೊಡಬೇಕಾಗಿಲ್ಲ, ನಿಯಮ ಮುರಿಯಿತೇ ಇಲ್ಲವೇ ಎಂದು ನೋಡಿದರೆ ಸಾಕು.

ದಾವಣಗೆರೆ_ತಾಯಿ
ಇದು ನನಗೆ ತಕ್ಷಣ ತಲೆಗೆ ಹತ್ತಿತು. ಧನ್ಯವಾದಗಳು, ಟೀಚರ್.

ಕರಾಟೆ_ಹುಬ್ಬಳ್ಳಿ
ಮಾತು ಬಹಳವಾಯಿತು. ಮಕ್ಕಳಿಗೆ ಬೇಕಾಗಿರುವುದು ಆತ್ಮರಕ್ಷಣೆ. ಸರಕಾರವೇ ಹಾಸ್ಟೆಲುಗಳ ಹೆಣ್ಣುಮಕ್ಕಳಿಗೆ ಓಬವ್ವನ ಹೆಸರಿನಲ್ಲಿ ತರಬೇತಿ ಕೊಡಿಸಿದೆ. ನಮ್ಮ ತರಗತಿಗೆ ಬರುವ ಹುಡುಗಿಯರ ನಡಿಗೆಯೇ ಬದಲಾಗುತ್ತದೆ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಾರೆ.

ಮಕ್ಕಳ_ವೈದ್ಯೆ
ನಡಿಗೆ ಬದಲಾಗುವುದು ನಿಜ, ಮತ್ತು ಅದಕ್ಕೆ ಬೆಲೆಯಿದೆ. ಆದರೆ ಹದಿನೈದರ ಹುಡುಗಿಗೆ ಒಪ್ಪುವುದನ್ನು ಆರು ವರ್ಷದ ಮಗುವಿನ ಮೇಲೆ ಹೊರಿಸಬೇಡಿ. ಎಂಬತ್ತು ಕಿಲೋ ತೂಗುವ, ತಾನು ‘ದೊಡ್ಡಪ್ಪ’ ಎಂದು ಕರೆಯುವ ಮನುಷ್ಯನನ್ನು ಯಾವ ಮಗುವೂ ಒದ್ದು ಓಡಿಸಲಾರದು. ಭಯವಾದಾಗ ದೇಹ ಕಲ್ಲಿನಂತೆ ಸ್ತಬ್ಧವಾಗುವುದು ಸಹಜ ಪ್ರತಿಕ್ರಿಯೆ, ದೊಡ್ಡವರಿಗೂ ಹಾಗೆಯೇ ಆಗುತ್ತದೆ. ‘ನಿನಗೆ ಕರಾಟೆ ಬರುತ್ತದಲ್ಲ, ಏಕೆ ಹೊಡೆಯಲಿಲ್ಲ?’ ಎಂದು ತಾಯಿಯೊಬ್ಬರು ನನ್ನ ಎದುರಿನಲ್ಲಿಯೇ ಮಗುವನ್ನು ಕೇಳಿದ್ದುಂಟು. ಆ ಪ್ರಶ್ನೆಗೆ ಆ ಮಗು ಏನು ಹೇಳಬೇಕು?

ಕರಾಟೆ_ಹುಬ್ಬಳ್ಳಿ
ಮೇಡಂ, ಹಾಗೆ ಕೇಳುವುದು ತಪ್ಪೇ, ನಾನೂ ಒಪ್ಪುತ್ತೇನೆ. ನಾವು ಚಿಕ್ಕವರಿಗೆ ಏಟು ಕಲಿಸುವುದಕ್ಕಿಂತ ಮೊದಲು ಗಂಟಲು ಕಲಿಸುತ್ತೇವೆ. ಹೊಟ್ಟೆಯಿಂದ ‘ಬೇಡ!’ ಎಂದು ಕೂಗಿಸುತ್ತೇವೆ. ಮೊದಲ ದಿನ ಅರ್ಧ ಮಕ್ಕಳಿಗೆ ದನಿಯೇ ಏಳುವುದಿಲ್ಲ, ಪಕ್ಕದ ಮಗುವಿನ ಮುಖ ನೋಡಿ ನಗುತ್ತವೆ, ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತವೆ. ಹೆಣ್ಣುಮಕ್ಕಳು ಇನ್ನೂ ಹೆಚ್ಚು. ಮನೆಯಲ್ಲಿ ‘ಮೆತ್ತಗೆ ಮಾತಾಡು’ ಎಂದು ಹೇಳಿಸಿಕೊಂಡೇ ಬಂದಿರುತ್ತವೆ.

ಮಕ್ಕಳ_ವೈದ್ಯೆ
ಅದನ್ನು ಮಾತ್ರ ಬಿಡದೆ ಮಾಡಿ, ನನ್ನ ಬೆಂಬಲವಿದೆ.

ನಿವೃತ್ತ_ಗುಮಾಸ್ತ
ಅಂಕಿಅಂಶ ಓದಿದೆ. ನೂರಕ್ಕೆ ಐವತ್ತಮೂರು ಎಂಬುದನ್ನು ನಂಬಲು ಕಷ್ಟವಾದರೂ, ಸರಕಾರವೇ ಹೇಳಿದ್ದರಿಂದ ವಾದಿಸುವುದಿಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಪ್ರೀತಿಯಿಂದ ಕರೆದವರಿಗೆ ‘ಬೇಡ’ ಎಂದಾಗ ಅವರಿಗೆ ಆಗುವ ಮುಖಭಂಗಕ್ಕೆ ಏನು ಮಾಡುವುದು?

ತುಂಗೆಯ_ದಡ
ಮಗುವಿಗೆ ಬೇರೆ ದಾರಿ ಕೊಡಬೇಕು. ನಮ್ಮ ಮನೆಯಲ್ಲಿ ಮಕ್ಕಳು ಬಂದವರಿಗೆ ಕೈಮುಗಿಯಬಹುದು, ಕಾಲಿಗೆ ಬೀಳಬಹುದು, ನೀರು ತಂದುಕೊಡಬಹುದು, ಅಪ್ಪಿಕೊಳ್ಳಬೇಕೆನಿಸಿದರೆ ಅಪ್ಪಿಕೊಳ್ಳಬಹುದು. ಮರ್ಯಾದೆ ತೋರಿಸುವುದು ಕಡ್ಡಾಯ, ಮೈ ಕೊಡುವುದು ಕಡ್ಡಾಯವಲ್ಲ. ನಮ್ಮ ಸಂಪ್ರದಾಯದಲ್ಲಿ ಮೈಮುಟ್ಟದ ನಮಸ್ಕಾರವೇ ಇರುವಾಗ ‘ಮುತ್ತು ಕೊಡು, ಇಲ್ಲದಿದ್ದರೆ ಚಾಕೊಲೇಟ್ ಕೊಡುವುದಿಲ್ಲ’ ಎಂಬ ವ್ಯಾಪಾರ ಎಲ್ಲಿಂದ ಬಂತೋ ತಿಳಿಯದು. ಮುಖಭಂಗವಾದ ದೊಡ್ಡವರಿಗೆ ತಾಯಿ ತಂದೆಯೇ ಅಲ್ಲೇ ನಿಂತು, ‘ಅವಳಿಗೆ ಈಗ ಮನಸ್ಸಿಲ್ಲ ಮಾಮ, ನೀವು ಕೂತ್ಕೊಳ್ಳಿ, ಕಾಫಿ ತರ್ತೀನಿ’ ಎಂದುಬಿಟ್ಟರೆ ಮಾತು ಮುಗಿಯಿತು. ಆ ಕ್ಷಣದಲ್ಲಿ ಅಮ್ಮ ಯಾರ ಪಕ್ಷ ಹಿಡಿಯುತ್ತಾಳೆ ಎಂಬುದನ್ನು ಮಗು ನೋಡುತ್ತಿರುತ್ತದೆ. ನಾಳೆ ದೊಡ್ಡ ಸಂಗತಿಯನ್ನು ಹೇಳಬೇಕೋ ಬೇಡವೋ ಎಂದು ಅದು ನಿರ್ಧರಿಸುವುದು ಇಂಥ ಸಣ್ಣ ಪ್ರಸಂಗಗಳನ್ನು ನೋಡಿಯೇ.

ಬರ್ಮಿಂಗ್‌ಹ್ಯಾಂ_ಕನ್ನಡಿಗ
ಇಲ್ಲಿ ಎನ್‌ಎಸ್‌ಪಿಸಿಸಿ ಎಂಬ ಮಕ್ಕಳ ರಕ್ಷಣಾ ಸಂಸ್ಥೆಯು ‘ಪ್ಯಾಂಟ್ಸ್’ ಎಂಬ ಹೆಸರಿನಲ್ಲಿ, ಮೇಲಿನ ಟೀಚರ್ ಹೇಳಿದಂಥದೇ ನಿಯಮಗಳನ್ನು ಪುಟ್ಟ ಮಕ್ಕಳಿಗೆ ಹೇಳಿಕೊಡುತ್ತದೆ. ಅದರಲ್ಲಿ ಮನಸ್ಸನ್ನು ಕಲಕುವ ಗುಟ್ಟನ್ನು ಇಟ್ಟುಕೊಳ್ಳಬಾರದು ಎಂಬುದೂ ಒಂದು ನಿಯಮ. ನಮ್ಮ ಕಡೆ ಇದನ್ನೇ ಮರೆಯುತ್ತೇವೆ. ‘ಅಪ್ಪನಿಗೆ ಹೇಳಬೇಡ, ಐಸ್‌ಕ್ರೀಮ್ ಕೊಡಿಸುತ್ತೇನೆ’ ಎಂದು ನಾವೇ ಮಕ್ಕಳಿಗೆ ಗುಟ್ಟು ಕಾಪಾಡುವ ಅಭ್ಯಾಸ ಮಾಡಿಸುತ್ತೇವೆ. ನಮ್ಮ ಮನೆಯಲ್ಲಿ ಹುಟ್ಟುಹಬ್ಬದ ಉಡುಗೊರೆಯಂಥ, ಕೊನೆಗೊಂದು ದಿನ ಎಲ್ಲರಿಗೂ ಗೊತ್ತಾಗುವ ಗುಟ್ಟಿಗೆ ಮಾತ್ರ ಜಾಗವಿದೆ.

ಹಾಸನದ_ಮಳೆ
ಎಲ್ಲರೂ ‘ಹೆಣ್ಣುಮಗು, ಹೆಣ್ಣುಮಗು’ ಎನ್ನುತ್ತಿದ್ದೀರಿ. ಗಂಡುಮಕ್ಕಳ ಮಾತೇ ಇಲ್ಲವಲ್ಲ?

ಕಪ್ಪುಕೋಟು_ಧಾರವಾಡ
ನ್ಯಾಯವಾದ ಆಕ್ಷೇಪ. ನಾನು ಮೇಲೆ ಹೇಳಿದ ಅಧ್ಯಯನದಲ್ಲಿ ಕಿರುಕುಳ ಅನುಭವಿಸಿದ್ದಾಗಿ ಹೇಳಿದ ಮಕ್ಕಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚಿನವರು ಗಂಡುಮಕ್ಕಳೇ. 2012ರ ಪೋಕ್ಸೊ ಕಾಯ್ದೆಯೂ ಹೆಣ್ಣು ಗಂಡೆಂಬ ಭೇದ ಮಾಡದೆ, ಹದಿನೆಂಟು ತುಂಬದ ಎಲ್ಲರನ್ನೂ ಮಗುವೆಂದೇ ಪರಿಗಣಿಸುತ್ತದೆ. ಆದರೆ ‘ಗಂಡು ಹುಡುಗ, ಅವನಿಗೇನಾಗುತ್ತದೆ’ ಎನ್ನುವ ಮನೆಗಳಲ್ಲಿ ಹುಡುಗ ಬಾಯಿ ಬಿಡುವುದೇ ಇಲ್ಲ. ಬಿಟ್ಟರೂ ಗೆಳೆಯರ ನಗೆಪಾಟಲಿಗೆ ಗುರಿಯಾಗುತ್ತಾನೆ.

ವಿಶೇಷ_ಅಮ್ಮ
ನನ್ನ ಮಗನಿಗೆ ಬುದ್ಧಿಮಾಂದ್ಯತೆಯಿದೆ. ಹನ್ನೊಂದು ವರ್ಷವಾದರೂ ಶೌಚಕ್ಕೆ, ಸ್ನಾನಕ್ಕೆ ಬೇರೆಯವರ ಸಹಾಯ ಬೇಕು. ‘ಯಾರೂ ಮುಟ್ಟಬಾರದು’ ಎಂಬ ನಿಯಮ ಅವನ ಬದುಕಿಗೆ ಹೊಂದುವುದೇ ಇಲ್ಲ. ಅದಕ್ಕೆ ನಾವು ಬೇರೆ ರೂಢಿ ಮಾಡಿಕೊಂಡಿದ್ದೇವೆ. ಬಟ್ಟೆ ಬಿಚ್ಚುವ ಮೊದಲು ಪ್ರತಿ ಸಲವೂ, ಸಾವಿರನೆಯ ಸಲವಾದರೂ ಸರಿ, ‘ಈಗ ಚಡ್ಡಿ ತೆಗೆಯಲಾ?’ ಎಂದು ಕೇಳುತ್ತೇವೆ, ಅವನು ತಲೆಯಾಡಿಸುವವರೆಗೆ ಕಾಯುತ್ತೇವೆ. ಸಹಾಯ ಮಾಡುವವರು ಯಾರ್‍ಯಾರು ಎಂಬುದಕ್ಕೆ ಫೋಟೊಗಳಿರುವ ಹಲಗೆಯೊಂದಿದೆ, ಅದರಲ್ಲಿ ಇಲ್ಲದವರು ಆ ಕೆಲಸ ಮಾಡುವಂತಿಲ್ಲ. ಒಂದು ಸಂಜೆ ಹೊಸ ಆಯಾ ಕೇಳದೆಯೇ ಕೈಹಾಕಿದಾಗ ಅವನು ಚಡ್ಡಿಯ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ನಿಂತ. ಆಕೆಯ ಉದ್ದೇಶ ತಪ್ಪಾಗಿರಲಿಲ್ಲ. ಆದರೆ ಮಾತು ಬಾರದ ನನ್ನ ಮಗ ‘ಕೇಳಿ ಮುಟ್ಟಬೇಕು’ ಎಂಬುದನ್ನು ಕಲಿತಿದ್ದಾನೆಂದು ನನಗೆ ಅಂದು ಗೊತ್ತಾಯಿತು.

ತುಂಗೆಯ_ದಡ
ಅಕ್ಕ, ಇದನ್ನು ಎಲ್ಲ ಮಕ್ಕಳ ಮನೆಗಳಲ್ಲೂ ಮಾಡಬೇಕು.

ಸಂಶಯವಾದಿ
ಪಾಠಗಳಿಂದ ನಿಜವಾಗಿ ಕಿರುಕುಳ ಕಡಿಮೆಯಾಗುತ್ತದೆಯೇ? ಸಂಶೋಧನೆಗಳನ್ನು ಒಟ್ಟಾಗಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯಿಂದ 2015ರಲ್ಲಿ ಬಂದ ವಿಮರ್ಶೆಯು ಶಾಲೆಗಳಲ್ಲಿ ನಡೆಸುವ ಇಂಥ ಕಾರ್ಯಕ್ರಮಗಳ 24 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. ಮಕ್ಕಳ ತಿಳಿವಳಿಕೆ ಹೆಚ್ಚುತ್ತದೆ, ಅಣಕು ಸಂದರ್ಭಗಳಲ್ಲಿ ಅವರು ಸರಿಯಾಗಿ ನಡೆದುಕೊಳ್ಳುತ್ತಾರೆ ಎಂದು ಕಂಡುಬಂತು. ಆದರೆ ಕಿರುಕುಳವೇ ತಗ್ಗುತ್ತದೆ ಎಂಬುದಕ್ಕೆ ಗಟ್ಟಿಯಾದ ಪುರಾವೆ ಸಿಗಲಿಲ್ಲ. ಹಾಗಿರುವಾಗ ಇಷ್ಟೆಲ್ಲ ಸಂಭ್ರಮ ಏಕೆ?

ಶಾಲೆಯಂಗಳ
ಸಂಭ್ರಮವೇನಿಲ್ಲ. ಅದೇ ವಿಮರ್ಶೆಯಲ್ಲಿ ಇಂಥ ಪಾಠಗಳಿಂದ ಮಕ್ಕಳ ಆತಂಕ ಹೆಚ್ಚಿದ್ದೂ ಕಂಡುಬಂದಿಲ್ಲ, ಅದನ್ನೂ ಸೇರಿಸಿ ಹೇಳಿ. ಮಗುವಿಗೆ ಕಲಿಸಿದ ಮಾತ್ರಕ್ಕೆ ಅಪರಾಧ ನಿಲ್ಲುತ್ತದೆಂದು ನಾನೂ ನಂಬಿಲ್ಲ. ಅಪರಾಧ ಮಾಡುವವನು ಮಗುವಲ್ಲ, ತಡೆಯಬೇಕಾದ ಹೊಣೆಯೂ ಮಗುವಿನದಲ್ಲ. ಕಲಿತ ಮಗು ಒಂದು ವರ್ಷ ಮೊದಲೇ ಬಾಯಿ ಬಿಡಬಹುದು, ನನ್ನ ಆಸೆ ಅಷ್ಟೇ.

ಬಾಯಿ ಬಿಡಲು ಜಾಗ ಬೇಕಲ್ಲ, ಅದರ ಬಗ್ಗೆ ಸ್ವಲ್ಪ ಹೇಳುತ್ತೇನೆ. ನಾನು ಈ ಶಾಲೆಗೆ ಬಂದಾಗ ದೂರುಪೆಟ್ಟಿಗೆ ಮುಖ್ಯೋಪಾಧ್ಯಾಯರ ಕೋಣೆಯ ಬಾಗಿಲ ಪಕ್ಕದಲ್ಲಿ, ಮಕ್ಕಳ ಕೈಗೆಟುಕದ ಎತ್ತರದಲ್ಲಿ ತೂಗುತ್ತಿತ್ತು. ಬೀಗದ ಕೈ ಅದೇ ಕೋಣೆಯ ಮೇಜಿನಲ್ಲಿತ್ತು. ತೆರೆದಾಗ ಒಳಗೆ ಸಿಕ್ಕಿದ್ದು ಕಣಜದ ಗೂಡು ಮತ್ತು ಎರಡು ಸೀಮೆಸುಣ್ಣದ ಚೂರು. ಯಾವ ಮಗು ಎಲ್ಲ ಮೇಷ್ಟ್ರುಗಳ ಎದುರಿನಲ್ಲಿ ಸ್ಟೂಲು ಹಾಕಿಕೊಂಡು ಚೀಟಿ ಹಾಕೀತು? ಪೆಟ್ಟಿಗೆಯನ್ನು ನೀರಿನ ತೊಟ್ಟಿಯ ಕಡೆಗೆ, ಮಕ್ಕಳು ಹೇಗೂ ಓಡಾಡುವ ಜಾಗಕ್ಕೆ, ತಗ್ಗಿನಲ್ಲಿ ಹಾಕಿಸಿದೆವು. ಪ್ರತಿ ಶನಿವಾರ ಎಲ್ಲ ಮಕ್ಕಳೂ ಒಂದೊಂದು ಚೀಟಿ ಹಾಕಲೇಬೇಕು, ಬರೆಯಲು ಏನೂ ಇಲ್ಲದಿದ್ದರೆ ಹೂವಿನ ಚಿತ್ರವಾದರೂ ಸರಿ ಎಂದು ನಿಯಮ ಮಾಡಿದೆವು. ಆಗ ಯಾರು ದೂರು ಬರೆದರೆಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಬಿಸಿಯೂಟದ ಸಾಂಬಾರು ನೀರಾಗಿದೆ, ಶೌಚಾಲಯದ ಚಿಲಕ ಮುರಿದಿದೆ ಎಂಬ ಚೀಟಿಗಳೇ ಹೆಚ್ಚು. ಚಿಲಕವನ್ನು ಆ ವಾರವೇ ಹಾಕಿಸಿದೆವು. ಅದಾದ ಮೇಲೆಯೇ ಬೇರೆ ರೀತಿಯ ಚೀಟಿಗಳು ಬರತೊಡಗಿದವು. ಅವುಗಳ ಬಗ್ಗೆ ಇಲ್ಲಿ ಬರೆಯುವಂತಿಲ್ಲ.

ಬಸವನಗುಡಿ_ಅಪ್ಪ
ಚಿಲಕದ ಮಾತು ಓದಿ ಕೊಂಚ ಹೊತ್ತು ಸುಮ್ಮನೆ ಕುಳಿತೆ. ಬೆಂಗಳೂರಿನಲ್ಲಿ 2014ರಲ್ಲಿ ಶಾಲೆಯೊಂದರೊಳಗೇ ಪುಟ್ಟ ಬಾಲಕಿಯ ಮೇಲೆ ಅತ್ಯಾಚಾರ ನಡೆದ ಘಟನೆಯ ನಂತರ ನಾವು ಪೋಷಕರು ಬೀದಿಗಿಳಿದು ಕೇಳಿದ್ದು ಸಿಸಿ ಕ್ಯಾಮೆರಾ. ಕ್ಯಾಮೆರಾ ಬೇಕು, ಬೇಡವೆನ್ನುವುದಿಲ್ಲ. ಆದರೆ ಶಾಲೆಯ ಮಕ್ಕಳ ರಕ್ಷಣಾ ಸಮಿತಿಯಲ್ಲಿ ಯಾರಿದ್ದಾರೆ, ಅದು ಯಾವಾಗ ಸೇರಿತ್ತು ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.

ಗೋಕಾಕದ_ಗೌಡತಿ
ಮಗು ಬಂದು ಹೇಳಿತು ಎಂದಿಟ್ಟುಕೊಳ್ಳಿ. ಆಮೇಲೆ ಮಾಡುವುದೇನು? ಹಳ್ಳಿಯಲ್ಲಿ ಮೊದಲು ಸೇರುವುದು ಪಂಚಾಯಿತಿಕಟ್ಟೆ, ಆಮೇಲೆ ‘ಹುಡುಗಿಯ ಮುಂದಿನ ಜೀವನ’ ಎಂದು ಬಾಯಿ ಮುಚ್ಚಿಸುವುದು.

ಮಕ್ಕಳ_ವೈದ್ಯೆ
ಮೊದಲ ಐದು ನಿಮಿಷ ಬಹಳ ಮುಖ್ಯ. ನಿಮ್ಮ ಮುಖದಲ್ಲಿ ಸಿಟ್ಟು ಕಂಡರೆ ಮಗು ಅದು ತನ್ನ ಮೇಲಿನ ಸಿಟ್ಟು ಎಂದೇ ತಿಳಿಯುತ್ತದೆ. ‘ನೀನು ಹೇಳಿದ್ದು ಒಳ್ಳೆಯದಾಯಿತು, ನಾನು ನಂಬುತ್ತೇನೆ, ತಪ್ಪು ನಿನ್ನದಲ್ಲ’ ಎಂದಷ್ಟೇ ಹೇಳಿ. ‘ಮೊದಲೇ ಏಕೆ ಹೇಳಲಿಲ್ಲ’, ‘ನೀನು ಅಲ್ಲಿಗೆ ಏಕೆ ಹೋದೆ’ ಎಂಬ ಪ್ರಶ್ನೆಗಳು ಬೇಡ. ಮನೆಯ ಹತ್ತು ಜನರ ಎದುರಿನಲ್ಲಿ ಮತ್ತೆ ಮತ್ತೆ ಹೇಳಿಸಬೇಡಿ, ಮೊಬೈಲಿನಲ್ಲಿ ಚಿತ್ರೀಕರಿಸಬೇಡಿ. ಘಟನೆ ಹೊಸದಾಗಿದ್ದರೆ ಸ್ನಾನ ಮಾಡಿಸದೆ, ಬಟ್ಟೆ ಒಗೆಯದೆ ಆಸ್ಪತ್ರೆಗೆ ಕರೆತನ್ನಿ. ತುರ್ತು ಚಿಕಿತ್ಸೆ ಕೊಡುವ ಮೊದಲು ಪೊಲೀಸ್ ದೂರಿನ ಪ್ರತಿ ತನ್ನಿ ಎಂದು ಯಾವ ಆಸ್ಪತ್ರೆಯೂ ಕೇಳುವಂತಿಲ್ಲ. ಇನ್ನೊಂದು ಸಂಗತಿ, ದೇಹದ ಭಾಗಗಳಿಗೆ ಮನೆಯ ಮುದ್ದಿನ ಹೆಸರನ್ನಷ್ಟೇ ಕಲಿಸಿದ್ದರೆ ಮಗು ಟೀಚರಿಗೆ ಹೇಳಿದ್ದು ಅವರಿಗೆ ಅರ್ಥವಾಗದೆ ಹೋಗಬಹುದು, ಆದ್ದರಿಂದ ಸರಿಯಾದ ಹೆಸರುಗಳನ್ನು ಚಿಕ್ಕಂದಿನಲ್ಲೇ ಹೇಳಿಕೊಡಿ.

ಕಪ್ಪುಕೋಟು_ಧಾರವಾಡ
ಪಂಚಾಯಿತಿಕಟ್ಟೆಯ ರಾಜಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಪೋಕ್ಸೊ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಇಂಥ ಅಪರಾಧ ನಡೆದಿದೆಯೆಂದು ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ದಂಡ, ಅಥವಾ ಎರಡನ್ನೂ ವಿಧಿಸಬಹುದು. ತನ್ನ ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಡುವ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸ ಮತ್ತು ದಂಡವಿದೆ. ಸದುದ್ದೇಶದಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹೂಡಲಾಗದು. ಹೇಳದೆ ಉಳಿದ ಮಗುವಿಗೆ ಮಾತ್ರ ಯಾವ ಶಿಕ್ಷೆಯೂ ಇಲ್ಲ.

ಪೊಲೀಸ್ ಠಾಣೆ ಎಂದು ಹೆದರುವವರಿಗೆ ಇನ್ನೂ ಒಂದು ಮಾತು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟು ಮಟ್ಟಿಗೆ ಮಹಿಳಾ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ, ಸಮವಸ್ತ್ರ ಧರಿಸದೆ ಪಡೆಯಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹೆಸರು, ಶಾಲೆ, ಊರು ಯಾವುದನ್ನೂ ಮಾಧ್ಯಮದವರು ಪ್ರಕಟಿಸುವಂತಿಲ್ಲ. ಇವೆಲ್ಲ ಎಲ್ಲ ಕಡೆಯೂ ಚಾಚೂ ತಪ್ಪದೆ ನಡೆಯುತ್ತವೆ ಎಂದು ನಾನು ಹೇಳುವುದಿಲ್ಲ. ಆದರೆ ನಿಯಮ ಗೊತ್ತಿರುವ ತಂದೆಯೊಬ್ಬ ಠಾಣೆಯಲ್ಲಿ ಅದನ್ನು ಬಾಯಿಬಿಟ್ಟು ಕೇಳಿದಾಗ ನಡೆಯುವುದನ್ನು ನೋಡಿದ್ದೇನೆ.

ನಿವೃತ್ತ_ಗುಮಾಸ್ತ
ಹೆಗಲ ಮೇಲೆ ಕೂರಿಸಿ ತೇರು ತೋರಿಸುವುದನ್ನು ನಾನು ಬಿಡುವುದಿಲ್ಲ, ಮೊಮ್ಮಗನಿಗೆ ಅದು ಇಷ್ಟ. ಮೊಮ್ಮಗಳು ಎತ್ತಿಕೊಂಡ ತಕ್ಷಣ ಒದ್ದಾಡುತ್ತಾಳೆ, ಅವಳನ್ನು ಇನ್ನು ಕೈಹಿಡಿದು ನಡೆಸಿಕೊಂಡು ಹೋಗುತ್ತೇನೆ. ದಾವಣಗೆರೆಯ ತಾಯಿ, ನಿಮ್ಮ ಅತ್ತೆಯವರ ಸಿಟ್ಟಿಗೆ ಮಾತ್ರ ನನ್ನ ಬಳಿ ಮದ್ದಿಲ್ಲ.

ದಾವಣಗೆರೆ_ತಾಯಿ
ಅದಕ್ಕೆ ನಾನೇ ದಾರಿ ಹುಡುಕುತ್ತೇನೆ. ಎರಡು ಪ್ರಶ್ನೆಗಳು ಉಳಿದಿವೆ. ಮಕ್ಕಳ ಸಹಾಯವಾಣಿಯ 1098 ಸಂಖ್ಯೆ ಈಗಲೂ ಇದೆಯೇ, ಅಥವಾ ಬದಲಾಗಿದೆಯೇ? ಮಗಳಿಗೆ ಅದನ್ನು ಬಾಯಿಪಾಠ ಮಾಡಿಸಬಹುದೇ?

ಕಪ್ಪುಕೋಟು_ಧಾರವಾಡ
ಇದೆ. ಮೊದಲು ಸ್ವಯಂಸೇವಾ ಸಂಸ್ಥೆಗಳ ಮೂಲಕ ನಡೆಯುತ್ತಿತ್ತು, ಈಗ ಸರಕಾರವೇ ವಹಿಸಿಕೊಂಡು 112 ತುರ್ತು ಸಂಖ್ಯೆಯೊಂದಿಗೆ ಜೋಡಿಸಿದೆ. ದಿನದ ಇಪ್ಪತ್ನಾಲ್ಕು ಗಂಟೆಯೂ ಉಚಿತ, ಮಗುವೇ ಕರೆ ಮಾಡಬಹುದು. ಬಾಯಿಪಾಠ ಮಾಡಿಸಿ, ಅದರ ಜೊತೆಗೆ ನಿಮ್ಮ ಮೊಬೈಲ್ ಸಂಖ್ಯೆಯನ್ನೂ ಮಾಡಿಸಿ. ಗೋಕಾಕದ ಅಕ್ಕ ಕೇಳಿದ್ದಕ್ಕೂ ಇದೇ ಉತ್ತರ. ಸ್ಥಳೀಯ ಠಾಣೆಯಲ್ಲಿ ಪರಿಚಯದವರ ಕಾಟವಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೋ ಮಕ್ಕಳ ಕಲ್ಯಾಣ ಸಮಿತಿಗೋ ನೇರವಾಗಿ ಹೋಗಬಹುದು. ಇವೆರಡೂ ಪ್ರತಿ ಜಿಲ್ಲೆಯಲ್ಲಿವೆ.

ಗೋಕಾಕದ_ಗೌಡತಿ
ಬರೆದುಕೊಂಡೆ. ನಮ್ಮೂರಿನ ಮಕ್ಕಳ ಗ್ರಾಮಸಭೆ ಹತ್ತಿರದಲ್ಲಿದೆ, ಕಳೆದ ಸಲ ಬರೀ ಭಾಷಣ ಮಾಡಿಸಿ ಬಿಸ್ಕತ್ತು ಕೊಟ್ಟು ಕಳಿಸಿದ್ದರು. ಈ ಸಲ ಶೌಚಾಲಯದ ಚಿಲಕದ ಪ್ರಶ್ನೆಯನ್ನು ಮಕ್ಕಳಿಂದಲೇ ಕೇಳಿಸುತ್ತೇನೆ.